ಸತ್ತವರು ನಿಮಗೇನಾಗಬೇಕು?

ಕೆಲವು ವರ್ಷಗಳ ಹಿಂದಿನವರೆಗೂ ನಮ್ಮ ಕಾಲೇಜಿನ ರಜೆ ಅರ್ಜಿಯಲ್ಲಿ ಈ ಪ್ರಶ್ನೆ ಇತ್ತು. ಉತ್ತರ ಬರೆಯುವ ಹಾಗಿರಲಿಲ್ಲ, ಪಟ್ಟಿಯಿಂದ ಆರಿಸಬೇಕಿತ್ತು: ತಂದೆ, ತಾಯಿ, ಗಂಡ ಅಥವಾ ಹೆಂಡತಿ, ಮಗು, ಒಡಹುಟ್ಟಿದವರು, ಅಜ್ಜ-ಅಜ್ಜಿ. ಇವರಲ್ಲಿ ಯಾರಾದರೂ ತೀರಿಕೊಂಡರೆ ಮೂರು ದಿನ ರಜೆ. ಪಟ್ಟಿಯಲ್ಲಿಲ್ಲದವರು ತೀರಿಕೊಂಡರೆ ಅದು ಗೈರುಹಾಜರಿ. ಗೈರುಹಾಜರಿ ಮಿತಿ ಮೀರಿದರೆ ಕೋರ್ಸಿನಿಂದ ಹೆಸರು ಹೋಗುತ್ತದೆ, ಹೆಸರು ಹೋದರೆ ಬ್ಯಾಂಡ್ ಆಫೀಸಿನಿಂದ (ಅವರವರ ಮೂಲನಿವಾಸಿ ಸಮುದಾಯದ ಆಡಳಿತ ಕಚೇರಿ) ಬರುವ ಹಣ ನಿಲ್ಲುತ್ತದೆ, ಹಣ ನಿಂತರೆ ಪಟ್ಟಣದಲ್ಲಿ ಹಿಡಿದ ಬಾಡಿಗೆ ಮನೆ ಬಿಡಬೇಕಾಗುತ್ತದೆ. ಚಿಕ್ಕಮ್ಮನ ಸಾವಿಗೆ ಹೋಗಿಬಂದ ಹುಡುಗಿ ತಿಂಗಳೊಳಗೆ ತನ್ನ ಕೂಸಿನೊಂದಿಗೆ ಯಾರದೋ ಸೋಫಾ ಮೇಲೆ ಮಲಗುವ ಸ್ಥಿತಿಗೆ ಬರುವುದು ಹೀಗೆ. ಇದರಲ್ಲಿ ಯಾರ ಕೆಟ್ಟತನವೂ ಇರಬೇಕಿಲ್ಲ. ಎಲ್ಲರೂ ತಮ್ಮ ತಮ್ಮ ಫಾರಂ ಸರಿಯಾಗಿ ತುಂಬಿದರೆ ಸಾಕು.

ಕಾಲೇಜು ಇರುವುದು ಕೆನಡಾದ ಸಸ್ಕ್ಯಾಚೆವಾನ್ ಪ್ರಾಂತ್ಯದ ಬಯಲಿನಲ್ಲಿ. ನಡೆಸುವವರು ಇಲ್ಲಿಯ ಮೂಲನಿವಾಸಿಗಳೇ. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಕ್ರೀ ಜನ. ಆದರೆ ಡಿಗ್ರಿ ಕೊಡುವ ಅಧಿಕಾರ ನಮಗಿಲ್ಲ. ಅದಕ್ಕಾಗಿ ದೂರದ ನಗರದ ಒಂದು ವಿಶ್ವವಿದ್ಯಾಲಯದ ಜೊತೆ ಕರಾರು ಮಾಡಿಕೊಂಡಿದ್ದೇವೆ. ಇಂಥ ಕಾಲೇಜುಗಳಲ್ಲಿ ಇದು ಮಾಮೂಲಿ. ಪಾಠ ನಮ್ಮಲ್ಲಿ ನಡೆಯುತ್ತದೆ, ಮೊಹರು ಅವರದು. ಮೊಹರಿನ ಹಿಂದೆಯೇ ಫಾರಂಗಳೂ ಬರುತ್ತವೆ.

ನಾನು ಇಲ್ಲಿನ ಸ್ಟೂಡೆಂಟ್ ಸರ್ವೀಸಸ್ ವಿಭಾಗದಲ್ಲಿ ಸಲಹೆಗಾರ್ತಿ. ವಿಭಾಗದ ಮುಖ್ಯಸ್ಥೆಯನ್ನು ಹುಡುಗರೆಲ್ಲ 'ಆಂಟಿ' ಅನ್ನುತ್ತಾರೆ. (ನಮ್ಮ ಕಡೆ ಮೂವತ್ತು ದಾಟಿದವರನ್ನು ಹಾಗೆ ಕರೆದರೆ ಮುಖ ಸಣ್ಣಗಾಗುತ್ತದೆ. ಇಲ್ಲಿ ಅದು ಸಂಪಾದಿಸಿಕೊಳ್ಳಬೇಕಾದ ಪದವಿ.) ಸೋಷಿಯಲ್ ವರ್ಕ್ ಓದುತ್ತಿದ್ದ ಒಬ್ಬ ಹುಡುಗ ಒಂದೇ ವರ್ಷದಲ್ಲಿ ಮೂರನೇ ಸಲ 'ಅಜ್ಜಿ' ಅಂತ ಟಿಕ್ ಹಾಕಿದಾಗ ನಗರದ ಆಫೀಸಿನಿಂದ ಒಂದು ಮೇಲ್ ಬಂತು. ಈ ವಿದ್ಯಾರ್ಥಿಗೆ ಒಟ್ಟು ಎಷ್ಟು ಜನ ಅಜ್ಜಿಯರು ಎಂದು ದಯವಿಟ್ಟು ಖಚಿತಪಡಿಸಿ. ರಜೆಗಾಗಿ ಅಜ್ಜಿಯನ್ನು ಪದೇ ಪದೇ ಸಾಯಿಸುವ ಜೋಕು ನಮಗೂ ಹೊಸದಲ್ಲವಲ್ಲ. ಆಂಟಿ ಸಿಟ್ಟಾಗಲಿಲ್ಲ. ಫೋನ್ ಎತ್ತಿಕೊಂಡು, "ಹನ್ನೊಂದು ಜನ ಇದ್ದರು, ಈಗ ಎಂಟು ಉಳಿದಿದ್ದಾರೆ, ಹೆಸರು ಬೇಕಾದರೆ ಬರೆದುಕೊಳ್ಳಿ" ಅಂದರು. ಆ ಕಡೆಯವರು ಬರೆದುಕೊಂಡರೋ ಇಲ್ಲವೋ, ಇವರಂತೂ ಎಂಟೂ ಹೆಸರು ಹೇಳಿದರು.

ಅಜ್ಜಿಯ ಅಕ್ಕತಂಗಿಯರೂ ಅಜ್ಜಿಯರೇ, ಅವರ ವಾರಗೆಯವರೂ ಅಜ್ಜಿಯರೇ. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಾಯಿಯ ತಂಗಿ ಕ್ರೀ ಜನರಿಗೂ ತಾಯಿಯ ಸಾಲಿನವಳೇ. ಚಿಕ್ಕಪ್ಪ-ದೊಡ್ಡಪ್ಪನ ಮಕ್ಕಳು ಅಣ್ಣತಮ್ಮಂದಿರು, ಸೋದರಮಾವನ ಮಕ್ಕಳ ಲೆಕ್ಕವೇ ಬೇರೆ. ಲೂಯಿಸ್ ಹೆನ್ರಿ ಮಾರ್ಗನ್ ಎಂಬ ಅಮೆರಿಕದ ವಕೀಲ ಅಲ್ಲಿನ ಮೂಲನಿವಾಸಿಗಳಾದ ಸೆನೆಕಾ ಜನರ ನೆಂಟಸ್ತಿಕೆಯನ್ನು ದಕ್ಷಿಣ ಭಾರತದವರ ನೆಂಟಸ್ತಿಕೆಯ ಪಕ್ಕ ಇಟ್ಟು, ಎರಡೂ ಒಂದೇ ಅಚ್ಚಿನವು ಎಂದು ಬೆರಗಾಗಿದ್ದ; ಅವನ ಅಧ್ಯಯನ ಅಚ್ಚಾದದ್ದು 1871ರಲ್ಲಿ. ಅದರಿಂದ ಎರಡೂ ಜನ ಮೂಲದಲ್ಲಿ ಒಂದೇ ಎಂದು ಅವನು ತೆಗೆದ ತೀರ್ಮಾನ ನಿಲ್ಲಲಿಲ್ಲ. ಆದರೂ ಮಾನವಶಾಸ್ತ್ರದವರು ಕ್ರೀ ಜನರ ನೆಂಟಸ್ತಿಕೆಯನ್ನು ವಿವರಿಸುವಾಗ ಇವತ್ತಿಗೂ 'ದ್ರಾವಿಡ ಮಾದರಿ' ಅನ್ನುವುದುಂಟು. ಹಾಸನದಿಂದ ಬಂದ ನನಗೆ ಈ ಆಫೀಸಿನಲ್ಲಿ ಬಹಳ ಸಂಗತಿ ಅರ್ಥವಾಗುವುದಿಲ್ಲ, ಹುಡುಗರ ನೆಂಟಸ್ತಿಕೆ ಮಾತ್ರ ಮೊದಲ ದಿನದಿಂದ ಅರ್ಥವಾಯಿತು.

ಅಲ್ಲಿಂದ ಮುಂದೆ ಅರ್ಥವಾಗುವುದಕ್ಕೆ ಕಾಲ ಹಿಡಿಯಿತು. ಸಾವಿನ ಮನೆಗೆ ಹೋದವನು ಮುಖ ತೋರಿಸಿ ಬರುವುದಿಲ್ಲ. ಮೂರು-ನಾಲ್ಕು ದಿನ ಜಾಗರಣೆ, ಅಷ್ಟೂ ಹೊತ್ತು ಆರದಂತೆ ಬೆಂಕಿ ಕಾಯಬೇಕು. ಗುಂಡಿ ತೋಡುವವರು ಊರಿನ ಹುಡುಗರೇ, ನೂರಾರು ಜನಕ್ಕೆ ಅಡುಗೆ ಮಾಡುವವರು ಊರಿನ ಹೆಂಗಸರೇ. ನಮ್ಮ ವಿದ್ಯಾರ್ಥಿಗಳು ಆ ಹುಡುಗರು, ಆ ಹೆಂಗಸರು. ಪೆಲಿಕನ್ ನ್ಯಾರೋಸ್ ಕಡೆಯವನಾದರೆ ಉತ್ತರಕ್ಕೆ ಹೋಗುವುದಕ್ಕೇ ಒಂದು ದಿನ, ಚಳಿಗಾಲದಲ್ಲಿ ರಸ್ತೆ ಕೆಟ್ಟರೆ ಅದೂ ಸಾಲದು. ಮೂರು ದಿನದ ರಜೆಯಲ್ಲಿ ಅವನು ದಾರಿಯಲ್ಲೇ ಇರುತ್ತಾನೆ.

ಡಿಗ್ರಿಗೆ ತೆತ್ತ ಬೆಲೆ

ವಿದ್ಯಾರ್ಥಿ ಬೆಂಬಲ ಎಂದರೆ ಎಲ್ಲ ಕಾಲೇಜುಗಳಲ್ಲೂ ಒಂದು ಪಕ್ಕದ ಕೋಣೆ. ಪಾಠದಲ್ಲಿ ಹಿಂದೆಬಿದ್ದವರಿಗೆ ಟ್ಯೂಷನ್, ಮನಸ್ಸು ಕೆಟ್ಟವರಿಗೆ ಆಪ್ತಸಮಾಲೋಚಕಿ, ಕೈ ಖಾಲಿಯಾದವರಿಗೆ ತುರ್ತು ನಿಧಿ. ತೊಂದರೆ ವಿದ್ಯಾರ್ಥಿಯಲ್ಲಿದೆ, ಅವನನ್ನು ರಿಪೇರಿ ಮಾಡಿ ತರಗತಿಗೆ ವಾಪಸು ಕಳಿಸಬೇಕು ಎಂಬುದು ಅದರ ಹಿಂದಿನ ಲೆಕ್ಕ. ಈ ಕೆಲಸಕ್ಕೆ ಸೇರುವಾಗ ನನ್ನ ತಲೆಯಲ್ಲೂ ಇದ್ದದ್ದು ಇದೇ ಚಿತ್ರ. ಆಂಟಿ ದಿನವಿಡೀ ಮಾಡುವುದನ್ನು ನೋಡಿದರೆ ಲೆಕ್ಕ ತಿರುವುಮುರುವಾಗಿ ಕಾಣುತ್ತದೆ. ಅವರ ಫೋನ್ ಕರೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿಗೆ ಹೋಗುವುದೇ ಇಲ್ಲ. ರಿಜಿಸ್ಟ್ರಾರ್‌ಗೆ, ಬ್ಯಾಂಡ್ ಆಫೀಸಿಗೆ, ಮನೆ ಮಾಲೀಕರಿಗೆ, ಮೇಷ್ಟ್ರುಗಳಿಗೆ, ಲೆಕ್ಕಪತ್ರದವರಿಗೆ ಹೋಗುತ್ತವೆ. ರಿಪೇರಿ ಆಗುತ್ತಿರುವುದು ಅವರು.

ಯಾಕೆ ಹೀಗೆ ಎಂದು ತಿಳಿಯಲು 1876ಕ್ಕೆ ಹೋಗಬೇಕು. ಆ ವರ್ಷ ಕೆನಡಾ ಇಂಡಿಯನ್ ಕಾಯ್ದೆ ಮಾಡಿತು. ಯಾರು 'ಇಂಡಿಯನ್' (ಮೂಲನಿವಾಸಿಗಳಿಗೆ ಸರ್ಕಾರ ಬಳಸಿದ ಹೆಸರು), ಯಾರು ಅಲ್ಲ ಎಂದು ತೀರ್ಮಾನಿಸುವ ಆ ಕಾಯ್ದೆಯಲ್ಲಿ ಒಂದು ವಿಚಿತ್ರ ಕಲಮು ಇತ್ತು. ವಿಶ್ವವಿದ್ಯಾಲಯದ ಪದವಿ ಪಡೆದ, ವಕೀಲನಾದ, ಪಾದ್ರಿಯಾದ ಇಂಡಿಯನ್ ಅಷ್ಟರಿಂದಲೇ ಕಾನೂನಿನ ಕಣ್ಣಿನಲ್ಲಿ ಇಂಡಿಯನ್ ಆಗಿರುವುದು ನಿಲ್ಲುತ್ತಿತ್ತು. ಡಾಕ್ಟರಾಗಿ ಊರಿಗೆ ಮರಳಿದವನು ಊರಿನವನೇ ಅಲ್ಲ. ಸರ್ಕಾರದ ಪ್ರಕಾರ ಇದು ಬಡ್ತಿ. ನಾಲ್ಕೇ ವರ್ಷಗಳಲ್ಲಿ ಆ ಕಲಮಿನ ಕಡ್ಡಾಯವನ್ನು ಸಡಿಲಿಸಿದರು ನಿಜ, ಆದರೆ ಅದರ ಹಿಂದಿನ ಯೋಚನೆ ಸಡಿಲವಾಗಲಿಲ್ಲ. ಓದಬೇಕೆಂದರೆ ನಿನ್ನ ಜನರನ್ನು ಬಿಟ್ಟು ಬಾ.

ಅದೇ 1876ರ ಆಗಸ್ಟ್ ತಿಂಗಳಲ್ಲಿ, ಇದೇ ಬಯಲಿನ ಫೋರ್ಟ್ ಕಾರ್ಲ್‌ಟನ್‌ನಲ್ಲಿ, ಕ್ರೀ ಮುಖಂಡರು ವಿಕ್ಟೋರಿಯಾ ರಾಣಿಯ ಪ್ರತಿನಿಧಿಗಳ ಜೊತೆ ಕೂತು ಆರನೇ ಒಪ್ಪಂದ ಮಾಡಿಕೊಂಡರು. ಮೀಸಲು ಪ್ರದೇಶಗಳಲ್ಲಿ ಶಾಲೆ ನಡೆಸಿಕೊಡುತ್ತೇವೆ ಎಂದು ಆ ಒಪ್ಪಂದ ಬರಹದಲ್ಲಿ ಮಾತು ಕೊಟ್ಟಿತ್ತು. ಊರಲ್ಲೇ ಶಾಲೆ ಎಂಬುದು ಮಾತು. ಬಂದದ್ದು ಮಕ್ಕಳನ್ನು ಮನೆಯಿಂದ ಎತ್ತಿಕೊಂಡು ಹೋಗುವ ವಸತಿ ಶಾಲೆಗಳು. ಸುಮಾರು 1,50,000 ಮಕ್ಕಳು ಅವುಗಳನ್ನು ಹಾದುಹೋದರು. ಸಾವಿರಾರು ಮಕ್ಕಳು ಹಿಂತಿರುಗಲಿಲ್ಲ. ಸಸ್ಕ್ಯಾಚೆವಾನ್‌ನ ಗಾರ್ಡನ್ಸ್ ಶಾಲೆ ಬಾಗಿಲು ಹಾಕಿದ್ದು 1996ರಲ್ಲಿ. ನನ್ನ ವಿದ್ಯಾರ್ಥಿಗಳ ಅಪ್ಪಅಮ್ಮಂದಿರ ಕಾಲ ಅದು, ಇತಿಹಾಸದ ಪುಸ್ತಕದ ಕಾಲವಲ್ಲ.

ಇದನ್ನು ಓದುವಾಗ ಕೆಲವರಿಗೆ ಹೆಗ್ಗಡದೇವನಕೋಟೆಯ ಹಾಡಿಗಳೂ ಗಿರಿಜನ ಆಶ್ರಮ ಶಾಲೆಗಳೂ ನೆನಪಾಗುತ್ತಿರಬಹುದು. ನನಗೂ ಆಗುತ್ತವೆ. ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿಡಲು ನನಗೆ ಮನಸ್ಸಿಲ್ಲ. ಇಲ್ಲಿಯವರು ತಮ್ಮನ್ನು ಸವಲತ್ತು ಕೇಳುವವರೆಂದು ಭಾವಿಸಿಲ್ಲ. ಒಂದು ರಾಷ್ಟ್ರ ಇನ್ನೊಂದು ರಾಷ್ಟ್ರಕ್ಕೆ ಬರೆದುಕೊಟ್ಟ ಮಾತಿನ ಬಾಕಿ ಕೇಳುತ್ತಿದ್ದಾರೆ. ನಮ್ಮ ಕಾಡಿನ ಜನರ ಕಥೆಯನ್ನು ಅವರೇ ಹೇಳಬೇಕು.

ಬಾಕಿ ವಸೂಲಿ ಶುರುವಾದ ಜಾಗ ಇಲ್ಲಿಂದ ಪಶ್ಚಿಮಕ್ಕೆ, ಅಲ್ಬರ್ಟಾದ ಸೇಂಟ್ ಪಾಲ್ ಹತ್ತಿರದ ಬ್ಲೂ ಕ್ವಿಲ್ಸ್. 1970ರ ಬೇಸಿಗೆಯಲ್ಲಿ ಸರ್ಕಾರ ತಮ್ಮನ್ನು ಕೇಳದೆ ಆ ವಸತಿ ಶಾಲೆಯನ್ನು ವಿಲೇವಾರಿ ಮಾಡಲಿದೆ ಎಂದಾಗ ಸುತ್ತಲಿನ ಊರುಗಳ ತಂದೆತಾಯಂದಿರು ಹೋಗಿ ಕಟ್ಟಡದೊಳಗೆ ಕೂತುಬಿಟ್ಟರು. ಅಡುಗೆ ಅಲ್ಲೇ, ನಿದ್ದೆ ಅಲ್ಲೇ, ಪ್ರಾರ್ಥನೆ ಅಲ್ಲೇ. ವಾರಗಟ್ಟಲೆ ಕೂತು, ಆಗ ಇಂಡಿಯನ್ ವ್ಯವಹಾರಗಳ ಮಂತ್ರಿಯಾಗಿದ್ದ ಜಾನ್ ಕ್ರೆಟಿಯೆನ್ ಜೊತೆ ಮಾತಾಡಿ, ಶಾಲೆಯನ್ನು ತಮ್ಮ ಕೈಗೆ ತೆಗೆದುಕೊಂಡರು. ಅದೇ ಕಟ್ಟಡ ಮುಂದೆ ಕಾಲೇಜಾಗಿ, 2015ರಲ್ಲಿ ವಿಶ್ವವಿದ್ಯಾಲಯವೆಂದು ಹೆಸರಿಟ್ಟುಕೊಂಡಿತು. ಕಟ್ಟಡ ಹಿಡಿದವರು ಮೊದಲು ಮಾಡಿದ್ದು ಅಡುಗೆ ಎಂಬುದು ನನಗೆ ಮುಖ್ಯವಾಗಿ ಕಾಣುತ್ತದೆ. ನಮ್ಮ ವಿಭಾಗದ ಬಜೆಟ್ಟಿನಲ್ಲಿ ಪ್ರತಿ ವರ್ಷ ಹೆಚ್ಚು ಪ್ರಶ್ನೆ ಎದುರಿಸುವ ಬಾಬತ್ತು ಬುಧವಾರದ ಸೂಪು ಮತ್ತು ಬ್ಯಾನಕ್ ರೊಟ್ಟಿ. ತಿನ್ನಲು ಬಂದವರ ಹೆಸರು ಬರೆಸಿಕೊಳ್ಳಿ ಎಂದು ಒಬ್ಬ ಆಡಿಟರು ಹೇಳಿದ್ದರು. ಒಂದು ವಾರ ಹಾಳೆ ಇಟ್ಟೆವು. ಅರ್ಧ ಜನ ಬರಲಿಲ್ಲ. ಆಂಟಿ ಹಾಳೆ ತೆಗೆದು ಕಸದ ಬುಟ್ಟಿಗೆ ಹಾಕಿದರು.

ಹೊಗೆ

ನಮ್ಮ ಕಾರಿಡಾರಿನ ಕೊನೆಯಲ್ಲಿ ಹಿರಿಯರ ಕೋಣೆ ಇದೆ. ಮೂಲನಿವಾಸಿಗಳ ಹೆಚ್ಚಿನ ಕಾಲೇಜುಗಳಲ್ಲಿ ಇಂಥದ್ದೊಂದು ಇರುತ್ತದೆ. ವಾರದಲ್ಲಿ ಕೆಲವು ದಿನ ಸಮುದಾಯದ ಹಿರಿಯರೊಬ್ಬರು ಬಂದು ಕೂರುತ್ತಾರೆ. ನಮ್ಮಲ್ಲಿ ಬರುವವರು ಎಂಬತ್ತರ ಹತ್ತಿರದ ಒಬ್ಬ ಅಜ್ಜಿ. ಎಲ್ಲರೂ 'ಕೋಕುಮ್' ಅನ್ನುತ್ತಾರೆ, ಕ್ರೀ ಜನ ಅಜ್ಜಿಯನ್ನು ಕರೆಯುವುದೇ ಹಾಗೆ. ಏನಾದರೂ ಕೇಳಲು ಹೋಗುವವರು ಮೊದಲು ಚಿಟಿಕೆ ಹೊಗೆಸೊಪ್ಪನ್ನು ಬಟ್ಟೆಯಲ್ಲಿ ಕಟ್ಟಿ ಕೈಗಿಡಬೇಕು. ಅವರು ತೆಗೆದುಕೊಂಡರೆ ಮಾತಾಡಲು ಒಪ್ಪಿದ ಹಾಗೆ. ಮೇಜಿನ ಮೇಲೆ ಕಪ್ಪೆಚಿಪ್ಪಿನಂಥ ದೊಡ್ಡ ಚಿಪ್ಪು, ಅದರಲ್ಲಿ ಒಣಗಿದ ಸೇಜ್ ಎಲೆ. ಹೊತ್ತಿಸಿ, ಆರಿಸಿ, ಏಳುವ ಹೊಗೆಯನ್ನು ಅಂಗೈಯಲ್ಲಿ ಮೊಗೆದು ತಲೆ, ಕಣ್ಣು, ಬಾಯಿ, ಎದೆಗೆ ತಂದುಕೊಳ್ಳುತ್ತಾರೆ. ಮಂಗಳಾರತಿ ತೆಗೆದುಕೊಳ್ಳುವ ಕೈಯ ಚಲನೆ ಇದ್ದವರಿಗೆ ಕಲಿಯಲು ಹೊತ್ತು ಬೇಕಿಲ್ಲ.

ಕಟ್ಟಡ ಹೊಸದಾದಾಗ ಆ ಹೊಗೆಗೆ ಫೈರ್ ಅಲಾರಂ ಹೊಡೆದುಕೊಳ್ಳುತ್ತಿತ್ತಂತೆ. ಇಡೀ ಕಾಲೇಜು ಮೈನಸ್ ಮೂವತ್ತರ ಚಳಿಯಲ್ಲಿ ಹೊರಗೆ ನಿಲ್ಲುವುದು, ಅಗ್ನಿಶಾಮಕದವರು ಬಂದು ನೋಡಿ ಹೋಗುವುದು. ಪರಿಹಾರವಾಗಿ ಸೂಚಿಸಿದ್ದು ಇಷ್ಟು: ಎರಡು ದಿನ ಮುಂಚೆ ಅರ್ಜಿ ಕೊಟ್ಟು, ಸಮಯ ನಮೂದಿಸಿ, ಆ ಹೊತ್ತಿಗೆ ಡಿಟೆಕ್ಟರ್ ಆಫ್ ಮಾಡಿಸಿಕೊಂಡು ಹೊಗೆ ಹಾಕಿ. ಬಯಲಿನ ಜನರ ಹಲವು ಆಚರಣೆಗಳಿಗೆ ಇದೇ ಇಂಡಿಯನ್ ಕಾಯ್ದೆಯ ನಿಷೇಧ 1895ರಿಂದ 1951ರವರೆಗೂ ಇತ್ತು, ಮೀಸಲು ಪ್ರದೇಶದ ಹೊರಗಿನ ಕುಣಿತಗಳಿಗೆ ಹೋಗಲೂ ಸರ್ಕಾರಿ ಏಜೆಂಟನ ಅನುಮತಿ ಬೇಕಿತ್ತು. ಕೋಕುಮ್ ಹುಟ್ಟಿದ್ದು ಆ ಕಾಲದಲ್ಲೇ. ಅವರ ಮುಂದೆ ಅನುಮತಿ ಅರ್ಜಿ ಇಡುವುದು ಹೇಗೆ? ಆಂಟಿ ಒಂದೂವರೆ ವರ್ಷ ಮೀಟಿಂಗುಗಳಲ್ಲಿ ಕೂತು, ಆ ಕೋಣೆಗೆ ಬೇರೆಯದೇ ವಾತಾಯನ ಮಾಡಿಸಿ, ಅರ್ಜಿಯ ಕಥೆ ಮುಗಿಸಿದರು. ನಾಯಕತ್ವದ ಬಗ್ಗೆ ಬರುವ ಲೇಖನಗಳಲ್ಲಿ ದೂರದೃಷ್ಟಿ, ಸ್ಫೂರ್ತಿ ಇತ್ಯಾದಿ ಓದುತ್ತೇನೆ. ಡಕ್ಟ್ ಕೊರೆಸಲು ಮೂರು ಕೊಟೇಶನ್ ತರಿಸುವ ತಾಳ್ಮೆಯ ಬಗ್ಗೆ ಯಾರೂ ಬರೆಯುವುದಿಲ್ಲ.

ಆ ಕೋಣೆಯಲ್ಲಿ ಒಂದು ಮಧ್ಯಾಹ್ನ ಕಂಡದ್ದನ್ನು ಹೇಳಬೇಕು. ಪಕ್ಕದಲ್ಲೇ ತರಬೇತಿ ಪಡೆದ ಆಪ್ತಸಮಾಲೋಚಕಿಯ ಕೋಣೆ ಇದೆ, ಎದುರುಬದುರು ಎರಡು ಮೆತ್ತನೆಯ ಕುರ್ಚಿ, ಮಧ್ಯೆ ಟಿಶ್ಯೂ ಡಬ್ಬ. ಅಲ್ಲಿಗೆ ಹೋಗು ಎಂದು ನಾನೇ ಚೀಟಿ ಬರೆದುಕೊಟ್ಟಿದ್ದ ಹುಡುಗಿ ಕೋಕುಮ್ ಪಕ್ಕದಲ್ಲಿ ಕೂತು ಮಣಿ ಹೊಲಿಯುತ್ತಿದ್ದಳು. ನೀಲಿ ಮಣಿ ನಾಲ್ಕು, ಬಿಳಿ ಮಣಿ ಒಂದು. ಸೂಜಿ ತೊಗಲಿನೊಳಗೆ ಹೋಗುವಾಗ ಸಣ್ಣಗೆ ಕಿರ್ ಅನ್ನುತ್ತದೆ. ಇಬ್ಬರ ಕಣ್ಣೂ ಹೊಲಿಗೆಯ ಮೇಲೆ. ತುಂಬ ಹೊತ್ತಿನ ಮೇಲೆ ಹುಡುಗಿ ತಲೆಯೆತ್ತದೆ, ಅಮ್ಮ ಮತ್ತೆ ಕುಡಿಯಲು ಶುರುಮಾಡಿದ್ದಾಳೆ ಅಂದಳು. ಕೋಕುಮ್ ಹೂಂ ಅಂದರು. ಇನ್ನೊಂದು ಸಾಲು ಮಣಿ ಆಯಿತು. ತಂಗಿಯರನ್ನು ಸರ್ಕಾರದವರು ಕರೆದುಕೊಂಡು ಹೋಗುವ ಮೊದಲು ನಾನೇ ಕರೆದುಕೊಂಡು ಬರಬೇಕು ಅಂದಳು. ಕೋಕುಮ್ ಅವಳ ಕೈಯಿಂದ ಹೊಲಿಗೆ ತೆಗೆದುಕೊಂಡು, ಬಿಗಿಯಾಗಿ ಎಳೆದಿದ್ದ ಒಂದು ದಾರ ಬಿಚ್ಚಿ, ವಾಪಸು ಕೊಟ್ಟು, ನನ್ನ ಕಡೆ ತಿರುಗಿ ಆಂಟಿಯನ್ನು ಕರೆ ಅಂದರು. ಆ ವಾರದೊಳಗೆ ಮೂವರು ಮಲಗುವಷ್ಟು ಮನೆ ಸಿಕ್ಕಿತು. ಹೇಗೆಂದು ಕೇಳಬೇಡಿ, ಮನೆ ಮಾಲೀಕನೂ ಆಂಟಿಗೆ ಯಾವುದೋ ವರಸೆಯಲ್ಲಿ ಅಳಿಯ.

ಸಮಾಲೋಚಕಿಯ ಸಂಬಳಕ್ಕೆ ಬಜೆಟ್ಟಿನಲ್ಲಿ ಜಾಗವಿದೆ. ಕೋಕುಮ್‌ಗೆ ಗೌರವಧನ ಕೊಡಲು ಮಾತ್ರ ಅವರಿಂದ ಇನ್‌ವಾಯ್ಸ್ ಬೇಕು. ಅವರು ಜೀವಮಾನದಲ್ಲಿ ಇನ್‌ವಾಯ್ಸ್ ಬರೆದವರಲ್ಲ. ಪ್ರತಿ ತಿಂಗಳು ಅವರ ಪರವಾಗಿ ನಾನು ಬರೆಯುತ್ತೇನೆ. 'ಸೇವೆಯ ವಿವರ' ಎಂಬ ಜಾಗದಲ್ಲಿ 'ಕೂತಿದ್ದರು' ಎಂದು ಬರೆಯಬೇಕೆನಿಸುತ್ತದೆ, ಬರೆಯುವುದಿಲ್ಲ.

ದುಡ್ಡಿನ ದಾರಿ

ಇಲ್ಲಿ ಮೂಲನಿವಾಸಿಗಳಿಗೆ ಓದು ಪೂರ್ತಿ ಉಚಿತ ಎಂದು ನಮ್ಮ ಭಾರತೀಯ ಮಿತ್ರರು ಊಟದ ಮೇಜಿನಲ್ಲಿ ಹೇಳುವುದನ್ನು ಎಷ್ಟೋ ಸಲ ಕೇಳಿದ್ದೇನೆ. ಮೀಸಲಾತಿಯ ಬಗ್ಗೆ ಊರಲ್ಲಿ ಕೇಳುತ್ತಿದ್ದ ಅದೇ ದನಿ, ವಿಮಾನ ಹತ್ತಿ ಬಂದಿದೆ. ಉಚಿತವಲ್ಲ. ಒಕ್ಕೂಟ ಸರ್ಕಾರ ಒಂದು ಮೊತ್ತವನ್ನು ಆಯಾ ಬ್ಯಾಂಡಿಗೆ, ಅಂದರೆ ಸಮುದಾಯದ ಆಡಳಿತಕ್ಕೆ ಕೊಡುತ್ತದೆ. ಬ್ಯಾಂಡ್ ಅದನ್ನು ಅರ್ಜಿದಾರರಿಗೆ ಹಂಚುತ್ತದೆ. 1996ರಲ್ಲಿ ಸರ್ಕಾರ ಆ ಮೊತ್ತದ ಏರಿಕೆಗೆ ವರ್ಷಕ್ಕೆ 2% ಎಂಬ ಬೇಲಿ ಹಾಕಿತು. ಗಾರ್ಡನ್ಸ್ ಶಾಲೆ ಮುಚ್ಚಿದ ಅದೇ ವರ್ಷ. ಜನಸಂಖ್ಯೆ ಏರಿತು, ಫೀಸು ಏರಿತು, ಬೇಲಿ ಸುಮಾರು ಎರಡು ದಶಕ ಅಲ್ಲೇ ನಿಂತಿತು. ಓದುವ ಆಸೆಯಿದ್ದವರು ಸರದಿಯಲ್ಲಿ ನಿಂತರು. 2015ರಲ್ಲಿ ವಸತಿ ಶಾಲೆಗಳ ಕುರಿತ ಸತ್ಯ ಮತ್ತು ಸಮನ್ವಯ ಆಯೋಗ ಕೊಟ್ಟ 94 ಶಿಫಾರಸುಗಳಲ್ಲಿ ಹನ್ನೊಂದನೆಯದು ಇದೇ: ಉನ್ನತ ಶಿಕ್ಷಣಕ್ಕಾಗಿ ಕಾಯುತ್ತಿರುವವರ ಬಾಕಿ ಸಾಲು ಕರಗುವಷ್ಟು ಹಣ ಕೊಡಿ. ಸಣ್ಣ ಬ್ಯಾಂಡುಗಳ ಶಿಕ್ಷಣ ಅಧಿಕಾರಿಗಳು ಈಗಲೂ ಒಬ್ಬ ಅಕ್ಕನ ಮಗಳಿಗೆ ಹೂಂ ಅಂದು ಇನ್ನೊಬ್ಬ ಅಣ್ಣನ ಮಗನಿಗೆ ಮುಂದಿನ ವರ್ಷ ನೋಡೋಣ ಅನ್ನುವ ಸಂಕಟದಲ್ಲಿದ್ದಾರೆ.

ಆಫೀಸು ಮುಚ್ಚುವುದಿಲ್ಲ

ವಿದ್ಯಾರ್ಥಿಯ ಜೊತೆ ಆಪ್ತಸಮಾಲೋಚಕರಿಗೆ ಬೇರೆ ಸಂಬಂಧ ಇರಬಾರದು, ಅಂತರ ಕಾಯ್ದುಕೊಳ್ಳಬೇಕು ಎಂಬುದು ಈ ವೃತ್ತಿಯ ಮೊದಲ ಪಾಠ. ಆಂಟಿಗೆ ಆ ಪಾಠ ಗೊತ್ತು, ಅದರಲ್ಲಿ ಸ್ನಾತಕೋತ್ತರ ಪದವಿ ಇದೆ. ಆದರೆ ವಿದ್ಯಾರ್ಥಿಗಳಲ್ಲಿ ಮೂರರಲ್ಲೊಬ್ಬರು ಅವರಿಗೆ ಏನಾದರೊಂದು ಆಗಬೇಕಾದವರು. ಅಂಗಡಿಯಲ್ಲಿ ಹಾಲು ತರಲು ಹೋದರೆ ಬಾಡಿಗೆಯ ಮಾತು, ಹಾಕಿ ಮ್ಯಾಚಿನಲ್ಲಿ ಕೋರ್ಸ್ ಬದಲಾವಣೆಯ ಮಾತು. 2021ರ ಮೇ ಕೊನೆಯಲ್ಲಿ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಕ್ಯಾಮ್ಲೂಪ್ಸ್‌ನ ಹಳೆಯ ವಸತಿ ಶಾಲೆಯ ಆವರಣದಲ್ಲಿ ಮಕ್ಕಳ ಸಮಾಧಿಗಳಿರಬಹುದೆಂದು ನೆಲದಡಿ ಹುಡುಕುವ ರೇಡಾರಿನಿಂದ ಕಂಡುಬಂದ ಸುದ್ದಿ ಬಂತು. ಜೂನ್‌ನಲ್ಲಿ ನಮ್ಮದೇ ಪ್ರಾಂತ್ಯದ ಕೌಎಸಸ್‌ನಲ್ಲಿ 751 ಗುರುತಿಲ್ಲದ ಸಮಾಧಿಗಳ ಸುದ್ದಿ. ಕೋವಿಡ್ ಕಾಲ, ಎಲ್ಲರೂ ಮನೆಯೊಳಗೆ. ಆಂಟಿ ಬೇಸಿಗೆ ಕೋರ್ಸುಗಳ ಗಡುವುಗಳನ್ನೆಲ್ಲ ಎತ್ತಿಸಿದರು, ಕಾರಿನಲ್ಲಿ ದಿನಸಿ ತುಂಬಿಕೊಂಡು ಮನೆಮನೆಗೆ ಹೋಗಿ ಬಾಗಿಲ ಮುಂದೆ ಇಟ್ಟು, ಅಂಗಳದಲ್ಲಿ ದೂರ ನಿಂತು ಮಾತಾಡಿಸಿ ಬಂದರು. ಅವರ ತಾಯಿಯೂ ವಸತಿ ಶಾಲೆಯಲ್ಲಿ ಬೆಳೆದವರು. ನಮ್ಮ ಆಫೀಸಿನಲ್ಲಿ ಆ ಸುದ್ದಿ ಮನೆಯದಾಗಿರದಿದ್ದ ಏಕೈಕ ವ್ಯಕ್ತಿ ನಾನು. ಆ ತಿಂಗಳುಗಳಲ್ಲಿ ಫಾರಂ, ವರದಿ, ಇನ್‌ವಾಯ್ಸ್ ಎಲ್ಲ ನನ್ನ ಮೇಜಿಗೆ ಬಂದವು. ನನ್ನಂಥ ಹೊರಗಿನವರು ಇಂಥ ಕಡೆ ಯಾವುದಕ್ಕೆ ಬೇಕಾಗುತ್ತಾರೆ ಎಂಬುದೂ ಆಗ ಸ್ಪಷ್ಟವಾಯಿತು.

ಇಂಥ ನಾಯಕತ್ವವನ್ನು ಹೊಗಳುವುದು ಸುಲಭ. ನನಗೆ ಇದರಲ್ಲಿ ತಕರಾರೂ ಇದೆ. ಒಬ್ಬರ ನೆಂಟಸ್ತಿಕೆ ಮತ್ತು ಒಬ್ಬರ ಮೈಬಲದ ಮೇಲೆ ಇಡೀ ವಿಭಾಗ ನಿಂತರೆ ಅವರು ಹೋದ ದಿನ ಏನು? ಅವರಿಗೆ ಬಿಪಿ, ಸಕ್ಕರೆ ಎರಡೂ ಇವೆ. ರಜೆ ತೆಗೆದುಕೊಂಡದ್ದನ್ನು ನಾನು ಕಂಡಿಲ್ಲ. ಸರ್ಕಾರದ ಅನುದಾನ ಮಾರ್ಚ್ ಕೊನೆಗೆ ಮುಗಿದು ಹೊಸದಾಗಿ ಅರ್ಜಿ ಹಾಕುವಂಥದ್ದಾದ್ದರಿಂದ ಅವರ ಕೈಕೆಳಗೆ ಕಾಯಂ ಹುದ್ದೆಗಳೇ ಕಡಿಮೆ. ಕಲಿತ ಹುಡುಗಿಯರು ಎರಡು ವರ್ಷಕ್ಕೆ ಬೇರೆ ಕಡೆ ಹೋಗುತ್ತಾರೆ. ಇದನ್ನು ಹೇಳಿದರೆ, ಅವರು ಹೋಗಿದ್ದು ತಮ್ಮ ಬ್ಯಾಂಡ್ ಆಫೀಸುಗಳಿಗೆ, ಈಗ ಫೋನಿನ ಆ ತುದಿಯಲ್ಲೂ ನಮ್ಮವರಿದ್ದಾರೆ ಅನ್ನುತ್ತಾರೆ. ಅದು ನಿಜವೇ. ಆದರೂ ನನ್ನ ಪ್ರಶ್ನೆಗೆ ಅದು ಪೂರ್ತಿ ಉತ್ತರವಲ್ಲ.

ಹೋಗಿ ಬಂದವರು

ರಜೆ ಅರ್ಜಿ ಈಗ ಬದಲಾಗಿದೆ. ಪಟ್ಟಿ ತೆಗೆದು ಖಾಲಿ ಗೆರೆ ಹಾಕಿಸಿದ್ದಾರೆ, ದಿನಗಳ ಮಿತಿ ವಿಭಾಗದ ವಿವೇಚನೆಗೆ ಬಿಟ್ಟಿದೆ. ಸಾಲದ್ದಕ್ಕೆ ಶರತ್ಕಾಲದ ಮೂಸ್ ಬೇಟೆಗೂ ಒಂದು ವಾರ ಸಿಗುತ್ತದೆ. ಆ ವಾರದ ನಂತರ ಬುಧವಾರದ ಸೂಪಿನಲ್ಲಿ ಮಾಂಸ ಧಾರಾಳ (ಸಸ್ಯಾಹಾರಿಯಾದ ನನಗೆ ಬ್ಯಾನಕ್ ಎರಡು ಜಾಸ್ತಿ).

ಈಗ ನಡೆಯುತ್ತಿರುವ ಜಗಳ ವಾರ್ಷಿಕ ವರದಿಯದು. ಅದರಲ್ಲಿ ಮೂರು ಕಾಲಂ: ಸೇರಿದವರು, ಮುಗಿಸಿದವರು, ಬಿಟ್ಟವರು. ಅಮ್ಮನಿಗೆ ಡಯಾಲಿಸಿಸ್ ಎಂದು ಎರಡು ವರ್ಷ ಊರಲ್ಲಿದ್ದು ಮರಳಿದವಳು ಮೊದಲು 'ಬಿಟ್ಟವರು', ಆಮೇಲೆ 'ಸೇರಿದವರು'. ಒಬ್ಬಳೇ ಹೆಣ್ಣುಮಗಳು, ಒಂದು ಸೋಲಾಗಿ ಮತ್ತು ಒಬ್ಬ ಹೊಸಬಳಾಗಿ ಎಣಿಕೆಯಾಗುತ್ತಾಳೆ. ಮುಂದಿನ ವರ್ಷದ ಹಣ ನಿರ್ಧಾರವಾಗುವಾಗ ನೋಡುವುದು ಆ ಸೋಲಿನ ಕಾಲಂ. ಆಂಟಿ ಕಳೆದ ವರ್ಷ ಪೆನ್ನಿನಲ್ಲಿ ನಾಲ್ಕನೇ ಗೆರೆ ಎಳೆದು 'ಹೋಗಿ ಬಂದವರು' ಎಂದು ಸೇರಿಸಿ ಕಳಿಸಿದರು. ಸಂಬಂಧಪಟ್ಟ ಅಧಿಕಾರಿ ಫೋನ್ ಮಾಡಿದರು. ಒಳ್ಳೆಯ ಮನುಷ್ಯ, ಯೋಚನೆ ಇಷ್ಟವಾಯಿತು, ಆದರೆ ವ್ಯಾಖ್ಯೆ ಬೇಕು ಅಂದರು. ಎಷ್ಟು ಕಾಲದೊಳಗೆ ಬಂದರೆ ಬಂದವರು, ಎಷ್ಟರ ನಂತರ ಬಿಟ್ಟವರು?

ಎರಡು ವರ್ಷ, ಹೆಚ್ಚೆಂದರೆ ಮೂರು ಎಂದು ಹಾಕೋಣ, ಅಂಕಿ ಇಲ್ಲದಿದ್ದರೆ ಕಾಲಮನ್ನೇ ಕಿತ್ತು ಹಾಕುತ್ತಾರೆ ಎಂಬುದು ನನ್ನ ವಾದ. ಆಂಟಿ ಒಪ್ಪುತ್ತಿಲ್ಲ. ಕಳೆದ ಸೆಪ್ಟೆಂಬರಿನಲ್ಲಿ ಒಬ್ಬಾಕೆ ಏಳು ವರ್ಷದ ಮೇಲೆ ಬಂದು ಕೂತಿದ್ದಾಳೆ, ಅವಳನ್ನು ಎಲ್ಲಿ ಬರೆಯುತ್ತೀಯ ಅನ್ನುತ್ತಾರೆ. ವ್ಯಾಖ್ಯೆಯ ಕರಡು ನನ್ನ ಕಂಪ್ಯೂಟರಿನಲ್ಲಿದೆ. ನಾನು ಅಂಕಿ ಹಾಕಿ ಕಳಿಸುತ್ತೇನೆ, ಅವರು ಹೊಡೆದುಹಾಕಿ ವಾಪಸು ಕಳಿಸುತ್ತಾರೆ. ವರದಿಗೆ ಈ ತಿಂಗಳ ಕೊನೆಯ ಶುಕ್ರವಾರ ಗಡುವು.